ಮೈಸೂರಿನಲ್ಲಿ ಸಣ್ಣ ತಂಡಗಳ ಹೊಸ ನಾಟಕ: ಯಾವುದಕ್ಕೆ ಹೋಗಬೇಕು, ಹೇಗೆ ತಿಳಿಯೋದು?

ಕೆಲಸದ ಮೇಲೆ ಮೈಸೂರಿಗೆ ಬಂದು ಎಂಟು ತಿಂಗಳಾಯಿತು. ಭಾನುವಾರ ಸಂಜೆ ಖಾಲಿ. ಸಣ್ಣ ತಂಡಗಳ ಹೊಸ ನಾಟಕ ನೋಡೋಣ ಅಂತ ಮೂರು ಸಲ ಹೋದೆ. ಒಂದು ಪರವಾಗಿಲ್ಲ. ಇನ್ನೆರಡರಲ್ಲಿ ಯಾವಾಗ ಮುಗಿಯುತ್ತೋ ಅಂತ ವಾಚ್ ನೋಡುತ್ತಾ ಕೂತಿದ್ದೆ. ಸಿನಿಮಾ ಆದರೆ ಯಾರನ್ನಾದರೂ ಕೇಳಿ ಹೋಗಬಹುದು. ಇವು ಎರಡು ಪ್ರದರ್ಶನ ಆಗಿ, ಕೇಳುವಷ್ಟರಲ್ಲಿ ಮುಗಿದೇ ಹೋಗಿರುತ್ತವೆ. ನೋಡಿ ಪಳಗಿದವರು ಹೇಗೆ ಆರಿಸಿಕೊಳ್ಳುತ್ತೀರಿ? ಅನುಭವ ಹೇಳಿ.

---

ಮೊದಲು ಜಾಗ ತಿಳಿದುಕೊಳ್ಳಿ. ಹುಣಸೂರು ರಸ್ತೆಯಲ್ಲಿ ಕಲಾಮಂದಿರ ಇದೆಯಲ್ಲ, ಅಲ್ಲೇ ರಂಗಾಯಣ, ಸರ್ಕಾರದ ನಾಟಕ ಸಂಸ್ಥೆ. 1989ರಲ್ಲಿ ಬಿ.ವಿ. ಕಾರಂತರು ಮೊದಲ ನಿರ್ದೇಶಕರಾಗಿ ಕಟ್ಟಿ ಬೆಳೆಸಿದ ಜಾಗ. ಅಲ್ಲಿ ಸೂರಿನ ಕೆಳಗೆ ಭೂಮಿಗೀತ, ಬಯಲಲ್ಲಿ ವನರಂಗ. ಪಕ್ಕದಲ್ಲೇ ಕಿರುರಂಗಮಂದಿರ. ರಾಮಕೃಷ್ಣನಗರಕ್ಕೆ ಹೋದರೆ ಮಂಡ್ಯ ರಮೇಶ್ ಅವರ ನಟನ ರಂಗಶಾಲೆ. ಇಷ್ಟು ಕಡೆ ಕಣ್ಣಿಟ್ಟಿದ್ದರೆ ಅರ್ಧ ಕೆಲಸ ಆದಂತೆ. ರಂಗಾಯಣದ ಬಹುರೂಪಿ ನಾಟಕೋತ್ಸವಕ್ಕೆ ಹೊರಗಿನ ತಂಡಗಳೂ ಬರುತ್ತವೆ, ಆದರೆ ನೀವು ಕೇಳಿದ್ದು ಅದನ್ನಲ್ಲ.

---

ನಾನು ಹವ್ಯಾಸಿ ತಂಡವೊಂದರಲ್ಲಿ ಲೈಟ್ ಮಾಡುವವನು. ನನ್ನ ಸಲಹೆ ಒಂದೇ: ಮೊದಲ ಪ್ರಯೋಗಕ್ಕೆ ಹೋಗಬೇಡಿ. ನಮ್ಮ ತಂಡದವರು ಇದನ್ನು ಓದಿದರೆ ಬೈಯುತ್ತಾರೆ. ಬೈಯಲಿ.

ನಾವು ಎರಡು ತಿಂಗಳು ತಾಲೀಮು ಮಾಡುವುದು ಯಾರದೋ ಮನೆಯ ಟೆರೇಸಿನಲ್ಲಿ. ಎಲ್ಲರಿಗೂ ಹಗಲು ಬೇರೆ ಕೆಲಸ ಇರುತ್ತದೆ. ನಿಜವಾದ ಸ್ಟೇಜ್ ಸಿಗುವುದು ಪ್ರದರ್ಶನದ ದಿನ ಬೆಳಿಗ್ಗೆಯೇ, ಯಾಕೆಂದರೆ ಒಂದು ದಿನ ಜಾಸ್ತಿ ಬಾಡಿಗೆ ಕಟ್ಟಲು ಕೈಯಲ್ಲಿ ಕಾಸಿರುವುದಿಲ್ಲ. ಮಧ್ಯಾಹ್ನದವರೆಗೆ ಸೆಟ್ ಕಟ್ಟುತ್ತಾರೆ. ನಾನು ಏಣಿ ಹತ್ತಿ ಲೈಟ್ ತಿರುಗಿಸುತ್ತಿದ್ದರೆ ಕೆಳಗೆ ನಟರು ತಾವು ಎಲ್ಲಿ ನಿಲ್ಲಬೇಕು ಅಂತ ಹುಡುಕುತ್ತಿರುತ್ತಾರೆ. ಗ್ರ್ಯಾಂಡ್ ರಿಹರ್ಸಲ್ ಅರ್ಧಕ್ಕೇ ನಿಲ್ಲುತ್ತದೆ, ಮೇಕಪ್‌ಗೆ ಹೊತ್ತಾಯಿತಲ್ಲ. ಅಂದರೆ ಆರೂವರೆಗೆ ನೀವು ನೋಡುವ ನಾಟಕವನ್ನು ಆ ಸ್ಟೇಜಿನ ಮೇಲೆ ಪೂರ್ತಿಯಾಗಿ ನಾವೂ ನೋಡಿರುವುದಿಲ್ಲ. ಜನ ಎಲ್ಲಿ ನಗುತ್ತಾರೆ ಅಂತ ನಟರಿಗೇ ಗೊತ್ತಿರುವುದಿಲ್ಲ. ನಕ್ಕರೆ ಗಾಬರಿಯಾಗಿ ಮುಂದಿನ ಮಾತನ್ನು ಆ ನಗುವಿನಲ್ಲೇ ಮುಳುಗಿಸಿಬಿಡುತ್ತಾರೆ.

ನಮ್ಮದೊಂದು ನಾಟಕ ಇತ್ತು. ತೀರಿಹೋದ ಅಪ್ಪನ ಮನೆ ಖಾಲಿ ಮಾಡಲು ಬರುವ ಅಣ್ಣ, ತಂಗಿ. ನಡುವೆ ಒಂದು ಕಬ್ಬಿಣದ ಟ್ರಂಕು. ಮೊದಲ ದಿನ ಎರಡು ಗಂಟೆ ಹತ್ತು ನಿಮಿಷ ಎಳೆದೆವು. ಟ್ರಂಕಿನ ಬೀಗ ತೆಗೆಯುವ ಮುಂಚೆ ತಂಗಿ ಐದು ನಿಮಿಷ ಅಪ್ಪನ ಬಗ್ಗೆ ಮಾತಾಡಬೇಕು. ಬರೆದವನಿಗೆ ಆ ಮಾತಿನ ಮೇಲೆ ಭಾರಿ ಪ್ರೀತಿ. ಎರಡನೇ ಪ್ರಯೋಗದಲ್ಲಿ ಅವಳು ಮಾತಿಗೆ ಮುಂಚೆಯೇ ಬೀಗಕ್ಕೆ ಕೈ ಹಾಕಿದಳು. ಜಪ್ಪಯ್ಯ ಅಂದರೂ ಬೀಗ ಬಿಡಲಿಲ್ಲ. ಮಾತು ಮರೆತೇಹೋಯಿತು. ಸೆರಗಿನ ಪಿನ್ನು ಕಿತ್ತು ಬೀಗದೊಳಗೆ ತಿರುಗಿಸುತ್ತಾ ಕೂತಳು. ಎರಡು ನಿಮಿಷ ಬೇರೆ ಸದ್ದಿಲ್ಲ, ಬರೀ ಪಿನ್ನಿನ ಕಿರ್ ಕಿರ್. ನಾನು ಲೈಟ್ ಬೋರ್ಡಿನ ಹಿಂದೆ ಬೆವರುತ್ತಿದ್ದೆ. ಹಾಲ್‌ನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮೂರನೇ ಪ್ರಯೋಗದಿಂದ ಐದು ನಿಮಿಷದ ಮಾತು ಹೋಯಿತು, ಪಿನ್ನು ಉಳಿಯಿತು. ನಾಲ್ಕನೆಯದು ಒಂದೂವರೆ ಗಂಟೆಗೆ ಮುಗಿಯಿತು. ಮೊದಲ ದಿನ ಬಂದವರು ಇವತ್ತಿಗೂ ಅದು ಬೋರ್ ನಾಟಕ ಅನ್ನುತ್ತಾರೆ. ಅವರು ನೋಡಿದ್ದು ಬೋರೇ.

ಹಾಗಾಗಿ ಪೋಸ್ಟರ್‌ನಲ್ಲಿ 'ಐದನೇ ಪ್ರಯೋಗ' ಅಂತ ಕಂಡರೆ ಕಣ್ಣು ಮುಚ್ಚಿಕೊಂಡು ಹೋಗಿ. ಕೈಯಿಂದ ದುಡ್ಡು ಹಾಕುವ ತಂಡ ಸುಮ್ನೆ ಐದು ಸಲ ಮಾಡುವುದಿಲ್ಲ.

---

ಪೋಸ್ಟರ್ ಅಂದಿರಲ್ಲ, ನಾನು ಅದನ್ನು ಓದಿಯೇ ತೀರ್ಮಾನ ಮಾಡುವವಳು. 'ರಚನೆ' ಅಂತಿದ್ದರೆ ನಾಟಕವಾಗಿಯೇ ಬರೆದದ್ದು. 'ರಂಗರೂಪ' ಅಂದರೆ ಕಥೆಯನ್ನೋ ಕಾದಂಬರಿಯನ್ನೋ ನಾಟಕ ಮಾಡಿದ್ದು. ನಾನು ನೋಡಿರುವ ಹೊಸ ನಾಟಕಗಳಲ್ಲಿ ಇವೇ ಜಾಸ್ತಿ. ಕೆಲವದರಲ್ಲಿ ನಿರೂಪಕ ಮೂಲೆಯಲ್ಲಿ ನಿಂತು ಕಥೆ ಹೇಳುತ್ತಲೇ ಇರುತ್ತಾನೆ, ಆಗ ಮನೆಯಲ್ಲಿ ಪುಸ್ತಕವನ್ನೇ ಓದಬಹುದಿತ್ತು ಅನ್ನಿಸುತ್ತದೆ. ಹಾಗಂತ ರಂಗರೂಪ ಬೇಡ ಅನ್ನುತ್ತಿಲ್ಲ. 2010ರಲ್ಲಿ ಇದೇ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರು 'ಮಲೆಗಳಲ್ಲಿ ಮದುಮಗಳು' ಮಾಡಿಸಿದಾಗ ಜನ ಒಂಬತ್ತು ಗಂಟೆ, ರಾತ್ರಿಯಿಡೀ, ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ಹೋಗುತ್ತಾ ನೋಡಿದರು. ಅದೂ ರಂಗರೂಪವೇ ಅಲ್ವಾ?

ರಚನೆ, ವಿನ್ಯಾಸ, ಬೆಳಕು, ನಿರ್ದೇಶನ ನಾಲ್ಕಕ್ಕೂ ಒಂದೇ ಹೆಸರಿದ್ದರೆ ಮಾತ್ರ ನಾನು ಹೋಗುವುದಿಲ್ಲ. 'ಇದನ್ನು ಕತ್ತರಿಸಪ್ಪ' ಅನ್ನುವವರು ತಾಲೀಮಿನಲ್ಲಿ ಯಾರೂ ಇರಲಿಲ್ಲ ಅಂತ ಅರ್ಥ.

ಅತಿಥಿಗಳ ಹೆಸರೂ ಎಣಿಸಿ. ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿ ಅಂತ ಐದು ಜನ ಇದ್ದರೆ ಆರೂವರೆ ನಾಟಕ ಏಳೂಕಾಲಿಗೆ. ಒಮ್ಮೆ ಸನ್ಮಾನವೇ ಐವತ್ತು ನಿಮಿಷ ನಡೆಯಿತು. ಸೈಡ್ ವಿಂಗಿನಲ್ಲಿ ರಾಜನ ವೇಷದವನು ಮೊಬೈಲ್ ತೆಗೆದು ಟೈಮ್ ನೋಡುತ್ತಿದ್ದದ್ದು ಮೊದಲ ಸಾಲಿನಲ್ಲಿದ್ದ ನಮಗೆಲ್ಲ ಕಾಣುತ್ತಿತ್ತು. ಆಮೇಲೆ ಅವನು ಏನು ಘರ್ಜಿಸಿದರೂ ನಮಗೆ ನಗು.

---

ಲೈಟಿಂಗ್ ಸಾರ್, ನಿಮ್ಮ ಮಾತು ಒಪ್ಪುವುದಿಲ್ಲ. ಎಲ್ಲರೂ ನಾಲ್ಕನೆಯದಕ್ಕೆ ಅಂತ ಕಾದರೆ ನಾಲ್ಕನೆಯದು ಆಗುವುದು ಎಲ್ಲಿಂದ? ನಾನು ಮೊದಲ ದಿನವೇ ಹೋಗುತ್ತೇನೆ. ಮುಗಿದ ಮೇಲೆ ಹತ್ತು ನಿಮಿಷ ಹೊರಗೆ ನಿಲ್ಲುತ್ತೇನೆ. ಮೇಕಪ್ ಒರೆಸಿಕೊಳ್ಳುತ್ತಾ ಹುಡುಗರು ಬಂದು 'ಹೇಗಿತ್ತು ಸಾರ್' ಅನ್ನುತ್ತಾರೆ. 'ಚೆನ್ನಾಗಿತ್ತು' ಅಂದು ಸ್ಕೂಟರ್ ಹತ್ತಬೇಡಿ. ಎಲ್ಲಿ ವಾಚ್ ನೋಡಿದಿರಿ ಅಂತ ಹೇಳಿ. ಅವರಿಗೆ ಬೇಕಾಗಿರುವುದು ಅದೇ.

---

ಒಪ್ಪಿದೆ ಸಾರ್. ಮೊದಲ ದಿನ ನಮಗೆ ನೂರು ಜನ 'ಚೆನ್ನಾಗಿತ್ತು' ಅಂದಿದ್ದರು. ಬೀಗ ಕೈಕೊಡದಿದ್ದರೆ ಆ ಐದು ನಿಮಿಷದ ಮಾತು ಇವತ್ತಿಗೂ ಇರುತ್ತಿತ್ತು.

---

ಕೇಳಿದವನು ನಾನೇ. ಎಲ್ಲರಿಗೂ ಥ್ಯಾಂಕ್ಸ್. ಈ ಭಾನುವಾರ ಕಿರುರಂಗಮಂದಿರದಲ್ಲಿ ಒಂದಿದೆ. ಪೋಸ್ಟರ್ ಈಗ ಸರಿಯಾಗಿ ಓದಿದೆ: 'ರಚನೆ' ಅಂತಿದೆ, ನಿರ್ದೇಶನಕ್ಕೆ ಬೇರೆ ಹೆಸರಿದೆ, ಮೂರನೇ ಪ್ರಯೋಗ, ಮುಖ್ಯ ಅತಿಥಿ ಒಬ್ಬರೇ. ಯಾರಾದರೂ ಬರುತ್ತೀರಾ?