ಪದಚರ್ಚೆ: ಸುಂಕದಿಂದ ‘ವಿನಾಯಿತಿ’ಯೋ, ಪಟ್ಟಿಯಿಂದ ‘ಕೈಬಿಡುವುದೋ’?

ಬಳಗದ ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಸಣ್ಣಪುಟ್ಟ ಆಮದು ವ್ಯಾಪಾರ ಮಾಡುವ ನಮ್ಮವರಿಗಾಗಿ ಒಂದು ಬರಹ ಸಿದ್ಧಮಾಡುತ್ತಿದ್ದೇನೆ. ಸರ್ಕಾರ ಹೆಚ್ಚುವರಿ ಸುಂಕ ಹಾಕಿದಾಗ ‘ನಮ್ಮ ಈ ಸಾಮಾನಿಗೆ ಮಾತ್ರ ಬೇಡ’ ಅಂತ ಕಂಪನಿಗಳು ಅರ್ಜಿ ಹಾಕುತ್ತವಲ್ಲ, ಅದರ ಬಗ್ಗೆ. ವಿಷಯ ಕಷ್ಟವಿಲ್ಲ, ಪದಗಳದ್ದೇ ತೊಂದರೆ. ನಮ್ಮ ಪತ್ರಿಕೆಗಳು ಎಲ್ಲಕ್ಕೂ ‘ವಿನಾಯಿತಿ’ ಎನ್ನುತ್ತವೆ. ಒಂದು ದೇಶವನ್ನೇ ಬಿಟ್ಟರೂ ವಿನಾಯಿತಿ, ಒಂದು ಸಾಮಾನನ್ನು ಬಿಟ್ಟರೂ ವಿನಾಯಿತಿ, ಒಂದೇ ಒಂದು ಕಂಪನಿಗೆ ಬಿಟ್ಟರೂ ಅದೇ. ಕೆಲವು ಕಡೆ ‘ರಿಯಾಯಿತಿ’ ಅಂತಲೂ ನೋಡಿದೆ. ಅದಂತೂ ಇಲ್ಲಿ ಹೊಂದುವುದೇ ಇಲ್ಲ, ರಿಯಾಯಿತಿ ಎಂದರೆ ಕೊಡಬೇಕಾದ್ದರಲ್ಲಿ ಸ್ವಲ್ಪ ಇಳಿಸುವುದು, ಅಲ್ವಾ?

ಇಂಗ್ಲಿಷಿನಲ್ಲಿ ಇದಕ್ಕೆ ಅಧಿಕೃತವಾಗಿ ಬಳಸುವ ಪದ ‘ಎಕ್ಸ್‌ಕ್ಲೂಷನ್’. ಆದರೆ ಅಲ್ಲಿಯೂ ಬಾಯಿಮಾತಿನಲ್ಲಿ ಶಿಸ್ತಿಲ್ಲ. ಆಪಲ್ ಕಂಪನಿ ತನ್ನ ಮ್ಯಾಕ್ ಪ್ರೊ ಕಂಪ್ಯೂಟರಿನ ಬಿಡಿಭಾಗಗಳಿಗೆ ಅರ್ಜಿ ಹಾಕಿದಾಗ, ಕೊಡುವುದಿಲ್ಲ ಎಂದು 2019ರ ಜುಲೈಯಲ್ಲಿ ಟ್ವೀಟ್ ಮಾಡಿದ ಟ್ರಂಪ್ ಬಳಸಿದ್ದು ‘ವೇವರ್’ ಮತ್ತು ‘ರಿಲೀಫ್’. ಸೆಪ್ಟೆಂಬರಿನಲ್ಲಿ 15 ಅರ್ಜಿಗಳ ಪೈಕಿ 10 ಮಂಜೂರಾದವು, ಅದು ಬೇರೆ ಮಾತು.

ನನ್ನ ವಾದ ಇದು: ಇಂಗ್ಲಿಷಿನವರು ‘ಎಕ್ಸ್‌ಕ್ಲೂಷನ್’ ಅಂತ ಒಂದೇ ಪದದಿಂದ ಕರೆಯುವ ಎರಡು ವ್ಯವಸ್ಥೆಗಳು ಸ್ವಭಾವದಲ್ಲೇ ಬೇರೆ ಬೇರೆ. ಅವರ ಪದ ಒಂದು ಅಂತ ನಮ್ಮದೂ ಒಂದೇ ಇರಬೇಕಾಗಿಲ್ಲ.

ಮೊದಲನೆಯದು, ಚೀನಾದ ಸಾಮಾನುಗಳ ಮೇಲೆ 2018ರ ಜುಲೈ 6ರಿಂದ ಹಾಕಿದ ಸುಂಕದ್ದು. 1974ರ ವ್ಯಾಪಾರ ಕಾಯ್ದೆಯ 301ನೇ ಸೆಕ್ಷನ್ ಅಡಿ ಬಂದದ್ದು. ಮೊದಲ ಪಟ್ಟಿಯಲ್ಲಿ 818 ಬಗೆಯ ಸಾಮಾನು, ಶೇ 25ರ ಸುಂಕ. ಆಮೇಲೆ ಪಟ್ಟಿಯ ಮೇಲೆ ಪಟ್ಟಿ ಬಂತು. ಅರ್ಜಿ ಹಾಕಬೇಕಿದ್ದದ್ದು ಅಮೆರಿಕದ ಅಧ್ಯಕ್ಷರ ವ್ಯಾಪಾರ ಪ್ರತಿನಿಧಿಯ ಕಚೇರಿಗೆ, ಅದನ್ನು ಯುಎಸ್‌ಟಿಆರ್ ಎನ್ನುತ್ತಾರೆ. ಅರ್ಜಿಯಲ್ಲಿ ಸಾಮಾನಿನ ಬಗೆಯನ್ನು ಗುರುತಿಸುವ 10 ಅಂಕಿಯ ಸುಂಕ ಸಂಖ್ಯೆ ಬರೆಯಬೇಕಿತ್ತು. ಇದು ಚೀನಾದಲ್ಲಿ ಮಾತ್ರ ಸಿಗುವುದಾ, ಸುಂಕದಿಂದ ನಮಗೆ ಅಥವಾ ಅಮೆರಿಕಕ್ಕೆ ಗಂಭೀರ ನಷ್ಟ ಆಗುತ್ತದಾ, ಚೀನಾ ಸರ್ಕಾರ ಮುಂದೆ ತರಲು ಹೊರಟಿರುವ ಉದ್ಯಮಗಳಿಗೂ ಈ ಸಾಮಾನಿಗೂ ಸಂಬಂಧ ಇದೆಯಾ, ವರ್ಷಕ್ಕೆ ಎಷ್ಟು ತರಿಸುತ್ತೀರಿ, ಇಷ್ಟನ್ನೂ ಹೇಳಬೇಕಿತ್ತು. ಅರ್ಜಿ ಎಲ್ಲರಿಗೂ ಕಾಣುವಂತೆ ಇರುತ್ತಿತ್ತು. 14 ದಿನದೊಳಗೆ ಯಾರು ಬೇಕಾದರೂ ಬೆಂಬಲ ಸೂಚಿಸಬಹುದಿತ್ತು, ವಿರೋಧವನ್ನೂ ಮಾಡಬಹುದಿತ್ತು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ ನಮ್ಮಲ್ಲಿ ಗಾದೆ ಇದೆ. ಇಲ್ಲಿ ಸುಖದುಃಖ ಹೇಳಿಕೊಳ್ಳುವುದಕ್ಕೇ ಒಂದು ಫಾರಂ ಇತ್ತು! ಹೀಗೆ 2018ರಿಂದ 2020ರವರೆಗೆ ಸುಮಾರು 53,000 ಅರ್ಜಿ ಹೋದವು, ಶೇ 87ರಷ್ಟು ತಿರಸ್ಕಾರವಾದವು ಎಂದು ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯೇ 2021ರಲ್ಲಿ ವರದಿ ಕೊಟ್ಟಿತು.

ಪದದ ದೃಷ್ಟಿಯಿಂದ ಮುಖ್ಯವಾದ ಸಂಗತಿ ಇನ್ನು ಮುಂದೆ. ಅರ್ಜಿ ಮಂಜೂರಾದರೆ ಅದರ ಲಾಭ ಅರ್ಜಿ ಹಾಕಿದವನಿಗೆ ಮಾತ್ರ ಅಲ್ಲ. ಆ ವಿವರಣೆಗೆ ಹೊಂದುವ ಸಾಮಾನನ್ನು ಯಾರು ತರಿಸಿದರೂ ಹೆಚ್ಚುವರಿ ಸುಂಕ ಇಲ್ಲ. ಅದಕ್ಕೇ ಅರ್ಜಿಯಲ್ಲಿ ತಯಾರಕರ ಹೆಸರು, ಬ್ರ್ಯಾಂಡ್, ತರಿಸುವವರ ಹೆಸರು ಹೇಳಿ ಸಾಮಾನನ್ನು ಗುರುತಿಸುವ ಹಾಗಿರಲಿಲ್ಲ. ಬಂದರಿನಲ್ಲಿ ಪೆಟ್ಟಿಗೆ ಬಿಚ್ಚಿದ ಅಧಿಕಾರಿ ಸಾಮಾನನ್ನು ನೋಡಿಯೇ ‘ಹೌದು, ಇದು ಅದೇ’ ಎನ್ನಬೇಕು. 2018ರ ಡಿಸೆಂಬರ್ 28ರ ಮೊದಲ ಪ್ರಕಟಣೆಯಲ್ಲಿ ಒಂದು ನಮೂದು ಇದೆ, ಕನ್ನಡದಲ್ಲಿ ಹೇಳುವುದಾದರೆ ಹೀಗೆ: ಎಸಿ ಅಥವಾ ಹೀಟರ್ ವ್ಯವಸ್ಥೆಗೆ ಬಳಸುವ, ಗೋಡೆಗೆ ಕೂರಿಸುವ, ಇಂಟರ್‌ನೆಟ್‌ಗೆ ಜೋಡಿಸಲು ಬಾರದ ಥರ್ಮೋಸ್ಟಾಟ್. ನೋಡಿ, ಇಂಟರ್‌ನೆಟ್‌ಗೆ ಸೇರುವಂಥದ್ದಾದರೆ ಸುಂಕ ಕಟ್ಟು, ಸೇರದಿದ್ದರೆ ಬಿಟ್ಟೆವು! ಇಂಥ ವಾಕ್ಯಗಳನ್ನು ಕನ್ನಡಕ್ಕೆ ತರುವಾಗ ಒಂದು ‘ಅಥವಾ’ ಆಚೀಚೆ ಆದರೂ ಅರ್ಥ ಕೆಡುತ್ತದೆ.

ಹಾಗಾಗಿ ಇಲ್ಲಿ ನಡೆಯುವುದು ಸಾಮಾನನ್ನು ಪಟ್ಟಿಯಿಂದ ತೆಗೆಯುವ ಕೆಲಸ. ಮತದಾರರ ಪಟ್ಟಿ ಬಂದಾಗ ‘ಹೆಸರು ಸೇರ್ಪಡೆ’, ‘ಹೆಸರು ಕೈಬಿಟ್ಟಿದೆ’ ಅನ್ನುತ್ತೇವಲ್ಲ, ಆ ‘ಕೈಬಿಡು’ ಇಲ್ಲಿ ಸರಿಯಾಗಿ ಕೂರುತ್ತದೆ ಅಂತ ನನ್ನ ಅನಿಸಿಕೆ. ‘ಸುಂಕಪಟ್ಟಿಯಿಂದ ಕೈಬಿಡಲು ಅರ್ಜಿ’, ‘ಕೈಬಿಟ್ಟ ಸಾಮಾನುಗಳು’. ‘ಹೊರತುಪಡಿಸುವಿಕೆ’ ಅಂತ ಒಬ್ಬ ಗೆಳೆಯರು ಸೂಚಿಸಿದರು. ತಪ್ಪಿಲ್ಲ, ಆದರೆ ಅಂಗಡಿಯಲ್ಲಿ ಕೂತು ಓದುವವನಿಗೆ ಭಾರ ಜಾಸ್ತಿ.

ಎರಡನೆಯದು ಉಕ್ಕು ಮತ್ತು ಅಲ್ಯೂಮಿನಿಯಂದು. ಇದು ಅಮೆರಿಕದ 1962ರ ವ್ಯಾಪಾರ ವಿಸ್ತರಣಾ ಕಾಯ್ದೆಯ 232ನೇ ಸೆಕ್ಷನ್, ದೇಶದ ಭದ್ರತೆಯ ಹೆಸರಿನಲ್ಲಿ 2018ರ ಮಾರ್ಚಿನಲ್ಲಿ ಬಂದ ಸುಂಕ, ಉಕ್ಕಿಗೆ ಶೇ 25, ಅಲ್ಯೂಮಿನಿಯಂಗೆ ಶೇ 10. ಇಲ್ಲಿ ಅರ್ಜಿ ಹೋಗುತ್ತಿದ್ದದ್ದು ವಾಣಿಜ್ಯ ಇಲಾಖೆಗೆ. ನಮಗೆ ಬೇಕಾದ ಉಕ್ಕು ಅಮೆರಿಕದಲ್ಲಿ ಸಾಕಷ್ಟು ತಯಾರಾಗುವುದಿಲ್ಲ, ಅಥವಾ ಆ ಗುಣಮಟ್ಟದ್ದು ಸಿಗುವುದಿಲ್ಲ ಅಂತ ತೋರಿಸಬೇಕಿತ್ತು. ಮಂಜೂರಾದರೆ ಅರ್ಜಿ ಹಾಕಿದ ಕಂಪನಿಗೆ ಮಾತ್ರ, ಇಷ್ಟು ಕೆಜಿಗೆ ಮಾತ್ರ, ಸಾಮಾನ್ಯವಾಗಿ ಒಂದು ವರ್ಷಕ್ಕೆ ಮಾತ್ರ. ಪಕ್ಕದ ಕಂಪನಿ ಅದೇ ಉಕ್ಕನ್ನು ತರಿಸಿದರೆ ಅದು ಸುಂಕ ಕಟ್ಟಲೇಬೇಕಿತ್ತು. ಸಾಮಾನು ಪಟ್ಟಿಯಲ್ಲೇ ಉಳಿಯುತ್ತಿತ್ತು, ಒಬ್ಬನಿಗೆ ಮಾಫಿ ಸಿಗುತ್ತಿತ್ತು. ಇದನ್ನು ‘ವಿನಾಯಿತಿ’ ಎಂದರೆ ಯಾವ ತೊಂದರೆಯೂ ಇಲ್ಲ.

(ನಡುವೆ ಒಂದು ಮಾತು. 2023ರ ಜೂನಿನಲ್ಲಿ ಭಾರತ ಮತ್ತು ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿದ್ದ (ಡಬ್ಲ್ಯುಟಿಒ) ವ್ಯಾಜ್ಯಗಳನ್ನು ಬಗೆಹರಿಸಿಕೊಂಡಾಗ, ನಾವು ಅಮೆರಿಕದ ಬಾದಾಮಿ, ಸೇಬು, ಅಕ್ರೋಟುಗಳ ಮೇಲಿನ ಹೆಚ್ಚುವರಿ ಸುಂಕ ತೆಗೆದೆವು. ಅವರು ನಮ್ಮ ಉಕ್ಕಿನ ಶೇ 70, ಅಲ್ಯೂಮಿನಿಯಂನ ಶೇ 80ರಷ್ಟು ಅರ್ಜಿಗಳನ್ನು ಒಪ್ಪುವುದಾಗಿ ಹೇಳಿದರು. ಆಗ ಬಂದ ಸುದ್ದಿಗಳಲ್ಲಿ ‘ಭಾರತಕ್ಕೆ ಸುಂಕ ವಿನಾಯಿತಿ’ ಎಂದು ಬರೆದರೆ ಇಡೀ ದೇಶಕ್ಕೇ ಸಿಕ್ಕಿತು ಅಂತ ಅರ್ಥವಾಗುತ್ತದೆ. ಸಿಕ್ಕಿದ್ದು ಅರ್ಜಿಗಳು ಪಾಸಾಗುವ ಭರವಸೆ, ಅರ್ಜಿ ಹಾಕುವುದು ಅಲ್ಲಿ ಕೂತ ಆಮದುದಾರ.)

ಈಗಿನ ಕಥೆ ತಿರುಗಾಮುರುಗಾ. 2025ರ ಫೆಬ್ರವರಿಯಲ್ಲಿ ಉಕ್ಕು ಮತ್ತು ಅಲ್ಯೂಮಿನಿಯಂನ ಈ ಅರ್ಜಿ ವ್ಯವಸ್ಥೆಯನ್ನೇ ನಿಲ್ಲಿಸಿದರು. ಆಮೇಲೆ ಅದಕ್ಕೆ ಎದುರಾದ ಒಂದು ವ್ಯವಸ್ಥೆ ತಂದರು: ಅಲ್ಲಿನ ತಯಾರಕರು ‘ಉಕ್ಕಿನಿಂದ ಮಾಡಿದ ಈ ಸಾಮಾನಿಗೂ ಸುಂಕ ಹಾಕಿ’ ಅಂತ ಕೇಳಬಹುದಿತ್ತು, ವರ್ಷಕ್ಕೆ ಮೂರು ಸಲ, ಮೇ, ಸೆಪ್ಟೆಂಬರ್, ಜನವರಿ ತಿಂಗಳುಗಳಲ್ಲಿ. ಆಗಸ್ಟ್ ಹೊತ್ತಿಗೆ 407 ಸುಂಕ ಸಂಖ್ಯೆಗಳನ್ನು ಒಂದೇ ಏಟಿಗೆ ಸೇರಿಸಿದರು. ಇದಕ್ಕೆ ಅವರು ‘ಇನ್‌ಕ್ಲೂಷನ್’ ಎನ್ನುತ್ತಾರೆ. ‘ಕೈಬಿಡು’ ಒಪ್ಪಿಕೊಂಡರೆ ಇದಕ್ಕೆ ‘ಸೇರ್ಪಡೆ’ ತಾನಾಗಿಯೇ ಜೋಡಿಯಾಗುತ್ತದೆ. ವಿನಾಯಿತಿಗೆ ಎದುರು ಪದ ಹುಡುಕಿ ನೋಡೋಣ?

ನಮ್ಮ ದೇಶದ ಕಾನೂನಿನಲ್ಲಿ ಇದಕ್ಕೆ ಏನಿದೆ ಅಂತ ಕೇಳಬಹುದು. 1962ರ ಕಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್ ಕೇಂದ್ರ ಸರ್ಕಾರಕ್ಕೆ ಸುಂಕ ಬಿಡುವ ಅಧಿಕಾರ ಕೊಡುತ್ತದೆ, ಎಲ್ಲರಿಗೂ ಅನ್ವಯವಾಗುವ ಅಧಿಸೂಚನೆಯಿಂದ, ಅಥವಾ ತೀರಾ ಅಪರೂಪಕ್ಕೆ ಒಂದೊಂದು ಪ್ರಕರಣಕ್ಕೆ ಪ್ರತ್ಯೇಕ ಆದೇಶದಿಂದ. ಬಜೆಟ್‌ಗೆ ಮುಂಚೆ ಉದ್ಯಮ ಸಂಘಗಳು ಮನವಿ ಕೊಡುವುದು ಈ ದಾರಿಗಾಗಿಯೇ. ಎರಡಕ್ಕೂ ಇಲ್ಲಿ ‘ವಿನಾಯಿತಿ’ ರೂಢಿಯಾಗಿದೆ, ಅದನ್ನು ಕದಲಿಸಲು ನಾನು ಹೊರಟಿಲ್ಲ.

ಇನ್ನು ಎರಡು ಪದಗಳಿಗೆ ನಿಮ್ಮ ಸಹಾಯ ಬೇಕು. 301ರಲ್ಲಿ ಕೈಬಿಟ್ಟದ್ದು ಸುಂಕ ಶುರುವಾದ ದಿನದಿಂದಲೇ ಅನ್ವಯವಾಗುತ್ತಿತ್ತು, ಅಂದರೆ ಅಷ್ಟರಲ್ಲಿ ಕಟ್ಟಿದ ಹಣ ವಾಪಸ್ ಕೇಳಬಹುದಿತ್ತು. ಆದರೆ ತರಿಸಿದ ಸರಕಿನ ಲೆಕ್ಕವನ್ನು ಕಸ್ಟಮ್ಸ್‌ನವರು ಸಾಮಾನ್ಯವಾಗಿ 314 ದಿನಕ್ಕೆ ಅಖೈರು ಮಾಡುತ್ತಾರೆ. ಅದಕ್ಕೆ ಅಲ್ಲಿ ‘ಲಿಕ್ವಿಡೇಶನ್’ ಎಂದು ಹೆಸರು. ಕಂಪನಿ ಮುಚ್ಚುವ ಲಿಕ್ವಿಡೇಶನ್‌ಗೂ ಇದಕ್ಕೂ ಸಂಬಂಧವಿಲ್ಲ, ‘ಸಮಾಪನ’ ಅಂತ ಬರೆದುಬಿಟ್ಟರೆ ಓದುಗ ಗಾಬರಿಯಾಗುತ್ತಾನೆ. ನಾನು ಸದ್ಯಕ್ಕೆ ‘ಲೆಕ್ಕ ಅಖೈರು’ ಎಂದು ಬರೆದಿದ್ದೇನೆ. ಅಖೈರಾದ ಮೇಲೆ 180 ದಿನದೊಳಗೆ ‘ಪ್ರೊಟೆಸ್ಟ್’ ಸಲ್ಲಿಸಬೇಕು. ಅದನ್ನು ‘ಪ್ರತಿಭಟನೆ’ ಎಂದರೆ ಬಾವುಟ ಹಿಡಿದು ರಸ್ತೆಗೆ ಇಳಿದ ಹಾಗಾಗುತ್ತದೆ. ‘ತಕರಾರು ಅರ್ಜಿ’ ನನಗೆ ಇಷ್ಟ, ಜಮೀನಿನ ವ್ಯವಹಾರದಿಂದ ಎಲ್ಲರಿಗೂ ಗೊತ್ತಿರುವ ಪದ.

ಕಸ್ಟಮ್ಸ್ ಬ್ರೋಕರ್ ಕೆಲಸ ಮಾಡಿದವರು, ಮಂಗಳೂರು ಅಥವಾ ಚೆನ್ನೈ ಬಂದರಿನ ಒಡನಾಟ ಇದ್ದವರು ಬಳಗದಲ್ಲಿ ಇದ್ದರೆ ದಯವಿಟ್ಟು ಹೇಳಿ: ಬಿಲ್ ಆಫ್ ಎಂಟ್ರಿಯ (ಆಮದು ಸರಕಿಗೆ ಕಸ್ಟಮ್ಸ್‌ಗೆ ಸಲ್ಲಿಸುವ ವಿವರಪತ್ರ) ಲೆಕ್ಕ ಪೂರ್ತಿ ಮುಗಿದದ್ದಕ್ಕೆ ನೀವು ಕನ್ನಡದಲ್ಲಿ ಮಾತಾಡುವಾಗ ಏನೆನ್ನುತ್ತೀರಿ? ‘ಫೈನಲ್ ಅಸೆಸ್‌ಮೆಂಟ್ ಆಯ್ತು’ ಅಂತಲೇ ಆದರೆ ಅದನ್ನೇ ಇಟ್ಟುಬಿಡುತ್ತೇನೆ, ಅಖೈರು ಹೋಗಲಿ.