ಕ್ರಾಪ್ರೆಡಿಗೆ ಅಪ್ಪಾಜಿನ ಕರ್ಕೊಂಡು ಹೋಗ್ಬಹುದಾ? ಫೇರ್‌ಪೋರ್ಟ್ ಕನ್ವೆನ್ಷನ್ ಹಬ್ಬ ನೋಡಿರೋರು ಅನುಭವ ಹೇಳಿ

ಮಲ್ಲಿಗೆ ಮೈಸೂರು:
ಎಲ್ರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದೀವಿ. ಆಗಸ್ಟಲ್ಲಿ ಅಪ್ಪಾಜಿ ಮೈಸೂರಿಂದ ಬರ್ತಿದಾರೆ, 71 ವರ್ಷ, ಮಂಡಿ ನೋವಿದೆ ಆದ್ರೆ ನಿಧಾನಕ್ಕೆ ನಡೀತಾರೆ. ಬೆಳಗ್ಗೆ ಎದ್ರೆ ಜನಪದ ಗೀತೆ ಹಾಕ್ಕೊಂಡೇ ಕಾಫಿ ಕುಡಿಯೋರು. ನಮ್ಮನೆಯವ್ರಿಗೆ ಫೇರ್‌ಪೋರ್ಟ್ ಕನ್ವೆನ್ಷನ್ ಅನ್ನೋ ಇಲ್ಲಿನ ಬ್ಯಾಂಡ್ ಅಂದ್ರೆ ಪ್ರಾಣ, ಆ ಬ್ಯಾಂಡಿನೋರೇ ಕ್ರಾಪ್ರೆಡಿ ಅನ್ನೋ ಹಳ್ಳೀಲಿ ನಡೆಸೋ ಸಂಗೀತ ಹಬ್ಬಕ್ಕೆ ಅಪ್ಪಾಜಿನೂ ಆರು ವರ್ಷದ ಮಗಳನ್ನೂ ಕರ್ಕೊಂಡು ಹೋಗೋಣ ಅಂತ ಕೂತಿದಾರೆ. ನನಗೆ ಧೈರ್ಯ ಸಾಲ್ತಿಲ್ಲ. ಮೂರು ದಿನ ಹೋಗೋದಾ ಒಂದೇ ದಿನ ಸಾಕಾ, ಟೆಂಟಲ್ಲಿ ಮಲಗೋಕಾಗತ್ತಾ, ಮಳೆ ಬಂದ್ರೆ ಏನ್ಗತಿ, ನಾವು ಮೊಟ್ಟೆನೂ ತಿನ್ನಲ್ಲ ಊಟ ಸಿಗತ್ತಾ, ಇಂಗ್ಲಿಷ್ ಹಾಡು ಅಪ್ಪಾಜಿಗೆ ಹಿಡಿಸತ್ತಾ? ಹೋಗಿ ಬಂದಿರೋರು ದಯವಿಟ್ಟು ಹೇಳಿ.

ಪಿಟೀಲು ಪ್ರಿಯ:
ಕರ್ಕೊಂಡು ಹೋಗಿ ಮೇಡಂ, ಖಂಡಿತಾ ಕರ್ಕೊಂಡು ಹೋಗಿ. ಗ್ಲಾಸ್ಟನ್‌ಬರಿ ಅನ್ನೋ ದೊಡ್ಡ ಸಂಗೀತ ಹಬ್ಬದ ತರ ಹತ್ತಾರು ಸ್ಟೇಜು, ಒಂದ್ಕಡೆಯಿಂದ ಇನ್ನೊಂದ್ಕಡೆ ಕೆಸರಲ್ಲಿ ಓಡೋದು ಅದೆಲ್ಲ ಇಲ್ಲಿಲ್ಲ. ಕ್ರಾಪ್ರೆಡಿಯಲ್ಲಿ ಇರೋದು ಒಂದೇ ಸ್ಟೇಜು. ಹೊಲ ಸ್ಟೇಜಿನ ಕಡೆ ಸ್ವಲ್ಪ ಇಳಿಜಾರಾಗಿದೆ, ಹಿಂದೆ ಕೂತ್ರೂ ಕಾಣ್ಸತ್ತೆ. ಬೆಳಗ್ಗೆ ಹೋಗಿ ಮಡಚೋ ಕುರ್ಚಿ ಹಾಕ್ಕೊಂಡು ಕೂತ್ರೆ ರಾತ್ರಿವರೆಗೂ ಅದೇ ನಿಮ್ಮ ಮನೆ, ಹಾಡೋರೇ ಬದಲಾಗ್ತಾ ಹೋಗ್ತಾರೆ, ನೀವು ಏಳೋದೇ ಬೇಡ. ಮಂಡಿ ನೋವಿರೋರಿಗೆ ಇದಕ್ಕಿಂತ ಅನುಕೂಲದ ಹಬ್ಬ ನಾನು ಈ ದೇಶದಲ್ಲಿ ನೋಡಿಲ್ಲ.

ಸುಮಾರು ಇಪ್ಪತ್ತು ಸಾವಿರ ಜನ ಹಿಡಿಸೋ ಹೊಲ ಅದು, ಆದ್ರೂ ನೂಕುನುಗ್ಗಲು ಅನ್ಸಲ್ಲ, ಬರೋರಲ್ಲಿ ಅರವತ್ತು ಎಪ್ಪತ್ತು ದಾಟಿದೋರು ಎಷ್ಟೊಂದು ಜನ ಇರ್ತಾರೆ ಅಂದ್ರೆ ಅಪ್ಪಾಜಿಗೆ ತಾನೊಬ್ಬನೇ ಮುದುಕ ಅಂತ ಅನ್ನಿಸೋ ಪ್ರಶ್ನೆನೇ ಇಲ್ಲ. ಅಜ್ಜ ಅಜ್ಜಿ, ಮಗ ಸೊಸೆ, ಗಾಡೀಲಿ ಮಲಗಿಸಿರೋ ಮೊಮ್ಮಗು, ಮೂರು ತಲೆಮಾರು ಒಟ್ಟಿಗೆ ಕೂತಿರತ್ತೆ, ನಮ್ಮೂರ ಜಾತ್ರೆಗೆ ಬಂದು ಮರದಡಿ ಚಾಪೆ ಹಾಸ್ಕೊಂಡು ಕೂತ ಹಾಗೆ.

ಅಪ್ಪಾಜಿಗೆ ಮೊದಲೇ ಒಂದಿಷ್ಟು ಕಥೆ ಹೇಳಿಟ್ಟಿರಿ, ಹಿನ್ನೆಲೆ ಗೊತ್ತಿದ್ರೆ ಕೇಳೋದು ಬೇರೆನೇ ಆಗತ್ತೆ. 1967ರಲ್ಲಿ ಲಂಡನ್ನಿನ ಮಸ್ವೆಲ್ ಹಿಲ್‌ನಲ್ಲಿ ಹುಡುಗರು ಕಟ್ಟಿದ ಬ್ಯಾಂಡು, ಪ್ರಾಕ್ಟೀಸ್ ಮಾಡ್ತಿದ್ದ ಮನೆ ಹೆಸರು ಫೇರ್‌ಪೋರ್ಟ್, ಅದೇ ಬ್ಯಾಂಡಿಗೂ ಬಂತು. 1969ರ ಮೇನಲ್ಲಿ ಕಾರ್ಯಕ್ರಮ ಮುಗಿಸಿ ವಾಪಸ್ ಬರ್ತಾ ವ್ಯಾನ್ ಅಪಘಾತ ಆಗಿ ಡ್ರಮ್ಮರ್ ಮಾರ್ಟಿನ್ ಲ್ಯಾಂಬಲ್ ತೀರ್ಕೊಂಡ, ಹತ್ತೊಂಬತ್ತೇ ವರ್ಷ ಅವನಿಗೆ, ಜೊತೆಗಿದ್ದ ಜೀನಿ ಫ್ರಾಂಕ್ಲಿನ್ ಕೂಡ ಉಳೀಲಿಲ್ಲ. ಬ್ಯಾಂಡು ಅಲ್ಲಿಗೇ ಮುಗಿದು ಹೋಗ್ಬಹುದಿತ್ತು. ಉಳಿದೋರು ಹ್ಯಾಂಪ್‌ಶೈರ್‌ನ ಒಂದು ಹಳ್ಳಿಮನೇಲಿ ಸೇರ್ಕೊಂಡು ಇಂಗ್ಲೆಂಡಿನ ಹಳೇ ಜನಪದ ಕಥನಗೀತೆಗಳಿಗೆ ಎಲೆಕ್ಟ್ರಿಕ್ ಗಿಟಾರು, ಬೇಸ್, ಡ್ರಮ್ಮು, ಪಿಟೀಲು ಸೇರಿಸಿ ಅದೇ ವರ್ಷದ ಕೊನೇಲಿ ಒಂದು ಆಲ್ಬಂ ತಂದ್ರು. ಇಂಗ್ಲಿಷ್ ಫೋಕ್-ರಾಕ್ ಗಟ್ಟಿಯಾಗಿ ಬೇರು ಬಿಟ್ಟಿದ್ದು ಆ ಆಲ್ಬಂನಿಂದ. ಅಷ್ಟು ದುಃಖದಲ್ಲಿದ್ದೋರು ಅಜ್ಜಂದಿರ ಹಾಡು ಹುಡುಕ್ಕೊಂಡು ಹೋದ್ರಲ್ಲ, ಅದನ್ನ ನೆನೆಸಿಕೊಂಡಾಗೆಲ್ಲ ನನಗೆ ಗಂಟಲು ಕಟ್ಟತ್ತೆ.

ಧಾರವಾಡ ಪೇಡೆ:
ನಾವು ನಮ್ಮ ಮಾಮಾರನ್ನ ಕರ್ಕೊಂಡು ಹೋಗಿದ್ವಿ ರೀ, ಏನೂ ತ್ರಾಸ ಆಗ್ಲಿಲ್ಲ. ಹಾಡು ಹಿಡಸ್ತಾವೇನು ಅಂತ ಕೇಳೀರಲ್ಲ, ಅದಕ್ಕ ಹೇಳ್ತೀನಿ. ಶನಿವಾರ ರಾತ್ರಿ ಅವರು ಮ್ಯಾಟಿ ಗ್ರೋವ್ಸ್ ಹಾಡಿದ್ರು. ಸಾಹುಕಾರನ ಹೆಂಡ್ತಿ ಒಬ್ಬ ಹುಡುಗನ್ನ ಮನಿಗೆ ಕರೀತಾಳ, ಆಳು ಓಡಿ ಹೋಗಿ ಧಣಿಗೆ ಸುದ್ದಿ ಮುಟ್ಟಸ್ತಾನ, ಧಣಿ ಬಂದು ಇಬ್ರನ್ನೂ ಕಡದ ಹಾಕ್ತಾನ, ಮುನ್ನೂರು ವರ್ಷಕ್ಕೂ ಹಳೇ ಹಾಡದು. ನಾ ಒಂದೊಂದು ನುಡಿ ಆದಮ್ಯಾಲೆ ಮಾಮಾರ ಕಿವ್ಯಾಗ ಕಥಿ ಹೇಳ್ಕೋತ ಕುಂತಿದ್ದೆ, ಅರ್ಧಕ್ಕ ಬಂದಾಗ ಅವರೇ ಕೈ ಅಡ್ಡ ಹಿಡದು "ಸಾಕು ಸುಮ್ಮಿರವಾ, ತಿಳೀತು, ಗೀಗೀ ಪದದಾಗೂ ಹಿಂಗ ಅಲ್ಲೇನು, ಕಥಿ ಮುಂದ ಹೊಂಟಿರತೈತಿ, ತಾಳ ನಿಂದ್ರಂಗಿಲ್ಲ" ಅಂದ್ರು. ಕಥಿ ಮುಗದ ಮ್ಯಾಲೆ ಪಿಟೀಲು ಗಿಟಾರು ಕೂಡಿ ಓಟ ಹೊಡೀತಾವ ನೋಡ್ರಿ, ಆವಾಗ ಮಾಮಾರು ಕುರ್ಚಿ ಹಿಡಿ ಮ್ಯಾಲೆ ತಾಳ ಹಾಕಿದ್ದೇ ಹಾಕಿದ್ದು. ಜೀವನಪೂರ್ತಿ ಲಾವಣಿ ಕೇಳಿದ ಮನಶಾಗ ಇಂಗ್ಲಿಷ್ ಬರದಿದ್ರ ಏನಾತು.

ಊಟದ್ದು: ಅಲ್ಲಿ ಅಂಗಡ್ಯಾಗ ಸಸ್ಯಾಹಾರ ಸಿಗತೈತಿ, ಆದ್ರ ಸಾಲು ಉದ್ದ, ವಯಸ್ಸಾದವ್ರಿಗೆ ಹೊತ್ತಿಗೆ ಸರಿಯಾಗಿ ಬೇಕಲ್ಲ. ನಾವು ಬುತ್ತಿ ಕಟ್ಕೊಂಡು ಹೋಗಿದ್ವಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಎರಡು ದಿನಕ್ಕೂ ಏನೂ ಆಗ್ಲಿಲ್ಲ. ಗಾಜಿನ ಬಾಟ್ಲಿ ಮಾತ್ರ ಒಳಗ ಬಿಡಂಗಿಲ್ಲ, ಉಪ್ಪಿನಕಾಯಿ ಪ್ಲಾಸ್ಟಿಕ್ ಡಬ್ಬ್ಯಾಗ ಹಾಕ್ಕೊಂಡು ಹೋಗ್ರಿ. ಬಾಜೂಕ ಕುಂತ ಅಜ್ಜಿ ಒಬ್ರಿಗೆ ಶೇಂಗಾ ಚಟ್ನಿ ಕೊಟ್ವಿ, ಅವರು ತಮ್ಮ ಫ್ಲಾಸ್ಕಿನಾಗಿನ ಚಹಾ ಮಾಮಾರಿಗೆ ಕೊಟ್ರು, ಇಬ್ರೂ ಆಮ್ಯಾಲೆ ಅರ್ಧ ತಾಸು ಮಾತಾಡಿದ್ರು, ಯಾ ಭಾಷಾದಾಗ ಅಂತ ನನಗ ಇವತ್ತಿಗೂ ಗೊತ್ತಿಲ್ಲ.

ತೀರ್ಥಹಳ್ಳಿ ಕೊಡೆ:
ಮಳೆ ಬಗ್ಗೆ ನಾನು ಹೇಳ್ತೀನಿ. ಬರತ್ತೆ. ಬರೋದೇ ಇಲ್ಲ ಅಂದ್ಕೊಂಡು ಹೋಗ್ಬೇಡಿ. ಕೊಡೆ ಬಿಚ್ಚಿದ್ರೆ ಹಿಂದಿನೋರಿಗೆ ಸ್ಟೇಜು ಕಾಣಲ್ಲ, ಹಾಗಾಗಿ ಟೋಪಿ ಇರೋ ಉದ್ದನೆ ರೇನ್‌ಕೋಟು, ಗಮ್ ಬೂಟು, ಕುರ್ಚಿ ಮೇಲೆ ಹೊದಿಸೋಕೆ ಪ್ಲಾಸ್ಟಿಕ್ ಶೀಟು ಇಷ್ಟು ಇಟ್ಕೊಳ್ಳಿ. ಮಳೆಗಿಂತ ನನಗೆ ಹೆಚ್ಚು ಅನ್ಸಿದ್ದು ರಾತ್ರಿ ಚಳಿ. ಹಗಲು ಎಷ್ಟೇ ಬಿಸಿಲಿರ್ಲಿ, ಎಂಟೂವರೆಗೆ ಸೂರ್ಯ ಮುಳುಗಿದ ಮೇಲೆ ಬಯಲಲ್ಲಿ ಕೂತಿರೋರಿಗೆ ನೆಲದಿಂದ ತಣ್ಣಗೆ ಏರತ್ತೆ, ಊರಿಂದ ಬಂದೋರಿಗೆ ಅದು ನಮ್ಮ ಡಿಸೆಂಬರ್. ಉಣ್ಣೆ ಟೋಪಿ, ಸಾಕ್ಸ್, ಕಂಬಳಿ, ಫ್ಲಾಸ್ಕಲ್ಲಿ ಬಿಸಿನೀರು, ಇದು ಆಗಸ್ಟಲ್ವಾ ಅಂತ ಬಿಟ್ಟು ಹೋಗ್ಬೇಡಿ.

ಉಲ್ಟಾನೂ ಆಗತ್ತೆ. 2022ರಲ್ಲಿ, ಕೊರೊನಾದಿಂದ ಎರಡು ವರ್ಷ ನಿಂತಿದ್ದ ಹಬ್ಬ ಮತ್ತೆ ಶುರುವಾದಾಗ, ಇಂಗ್ಲೆಂಡಿನ ಹವಾಮಾನ ಇಲಾಖೆ ಅದೇ ದಿನಗಳಿಗೆ ಬಿಸಿಲಿನ ಎಚ್ಚರಿಕೆ ಕೊಟ್ಟಿತ್ತು, ಹೊಲದ ಹುಲ್ಲೆಲ್ಲ ಒಣಗಿ ಹಳದಿ. ಅಂಥ ವರ್ಷ ಬಂದ್ರೆ ಮಧ್ಯಾಹ್ನ ಹನ್ನೆರಡರಿಂದ ನಾಲ್ಕು ಅಪ್ಪಾಜಿನ ಬಯಲಲ್ಲಿ ಕೂರಿಸ್ಬೇಡಿ, ಹಳ್ಳಿ ಕಡೆ ಕರ್ಕೊಂಡು ಹೋಗಿ, ಮರ ಇದೆ, ನೆರಳಿದೆ.

ಕಾಲುವೆ ದೋಣಿ:
ಹಳ್ಳಿ ಅಂದ್ರಲ್ಲ, ಅದನ್ನ ಬಿಡ್ಬೇಡಿ ಪ್ಲೀಸ್, ಎಷ್ಟೋ ಜನ ಹೊಲದಿಂದ ಕಾರಿಗೆ ಕಾರಿಂದ ಮನೆಗೆ ಹೋಗ್ಬಿಡ್ತಾರೆ. ಹಬ್ಬದ ದಿನಗಳಲ್ಲಿ ಊರಿನೋರೇ ಬೆಳಗ್ಗೆ ತಿಂಡಿ ಮಾಡಿ ಮಾರ್ತಾರೆ, ಕೆಲವರು ತಮ್ಮನೆ ಅಂಗಳದಲ್ಲೇ ಕೇಕು ಚಹಾ ಇಟ್ಕೊಂಡು ಕೂತಿರ್ತಾರೆ, ಎರಡು ಪಬ್ಬಲ್ಲೂ ಬೇರೆ ಬೇರೆ ಹಾಡುಗಾರರು ಹಾಡ್ತಿರ್ತಾರೆ. ಊರ ಪಕ್ಕದಲ್ಲೇ ಆಕ್ಸ್‌ಫರ್ಡ್ ಕಾಲುವೆ ಹರಿಯತ್ತೆ, ಉದ್ದುದ್ದ ಕಿರಿದಾದ ದೋಣಿಗಳಲ್ಲೇ ಕೆಲವರು ಹಬ್ಬಕ್ಕೆ ಬಂದು ಸಾಲಾಗಿ ಕಟ್ಟಿರ್ತಾರೆ. ಕಾಲುವೆ ದಡದ ದಾರಿ ಸಮತಟ್ಟಾಗಿದೆ, ನಿಮ್ಮ ತಂದೆಯವರು ಆರಾಮಾಗಿ ನಡೀಬಹುದು. ಮಗುಗಂತೂ ದೋಣಿ, ಬಾತುಕೋಳಿ ನೋಡೋದ್ರಲ್ಲೇ ಅರ್ಧ ದಿನ ಕಳೆಯತ್ತೆ. ಇತಿಹಾಸ ಇಷ್ಟ ಇದ್ರೆ ಸೇತುವೆ ತೋರ್ಸಿ, 1644ರಲ್ಲಿ ರಾಜನ ಸೈನ್ಯಕ್ಕೂ ಪಾರ್ಲಿಮೆಂಟಿನ ಸೈನ್ಯಕ್ಕೂ ಯುದ್ಧ ಆಗಿದ್ದ ಜಾಗ.

ಈ ಹಳ್ಳಿಗೂ ಬ್ಯಾಂಡಿಗೂ ಇರೋ ನಂಟು ಸುಮ್ನೆ ಜಾಗ ಬಾಡಿಗೆಗೆ ತಗೊಂಡ ನಂಟಲ್ಲ. 1979ರ ಆಗಸ್ಟ್ 4ನೇ ತಾರೀಕು ಬ್ಯಾಂಡು ಮುಚ್ಚೋಣ ಅಂತ ತೀರ್ಮಾನ ಮಾಡಿ ಹಗಲು ನೆಬ್ವರ್ತ್ ಅನ್ನೋ ಊರಲ್ಲಿ ಲೆಡ್ ಜೆಪ್ಲಿನ್ ರಾಕ್ ಬ್ಯಾಂಡಿನ ಕಾರ್ಯಕ್ರಮದಲ್ಲಿ ನುಡಿಸಿ, ಅಲ್ಲಿಂದ ಸೀದಾ ಕ್ರಾಪ್ರೆಡಿಗೆ ಬಂದು ರಾತ್ರಿ ವಿದಾಯದ ಕಛೇರಿ ಕೊಟ್ರು. ಮುಂದಿನ ವರ್ಷ ಒಂದು ಸಲ ಸೇರೋಣ ಅಂತ ಮತ್ತೆ ಸೇರಿದ್ರು, ಅದಾದ್ಮೇಲೆ ಪ್ರತಿ ಬೇಸಿಗೆನೂ ಸೇರಿದ್ರು, ಕೊನೆಗೆ ಬ್ಯಾಂಡೇ ಮತ್ತೆ ಎದ್ದು ಕೂತ್ಕೊಳ್ತು. ವಿದಾಯ ಹೇಳೋಕೆ ಬಂದ ಊರೇ ಅವರನ್ನ ಉಳಿಸ್ಕೊಳ್ತು. ಈಗಲೂ ಪಿಟೀಲು ನುಡಿಸೋ ಕ್ರಿಸ್ ಲೆಸ್ಲಿ ಪಕ್ಕದ ಬ್ಯಾನ್‌ಬರಿಯಲ್ಲಿ ಬೆಳೆದೋರು.

ಕೋರಮಂಗಲ ಟು ಕೊವೆಂಟ್ರಿ:
ನಾನು ಮೂರು ದಿನ ಬೇಡ ಅಂತೀನಿ. ಆರು ವರ್ಷದ ಮಗು ಮತ್ತೆ 71 ವರ್ಷದೋರು, ಟೆಂಟು, ಹೊಲದ ಟಾಯ್ಲೆಟ್ಟು, ಮೂರು ರಾತ್ರಿ, ಸುಸ್ತಾಗ್ತಾರೆ. ಬ್ಯಾನ್‌ಬರಿಯಲ್ಲಿ ರೂಮು ಮಾಡಿ, ಅಲ್ಲಿಂದ ನಾಲ್ಕೈದು ಮೈಲಿ ಅಷ್ಟೇ, ಆದ್ರೆ ಈಗ್ಲೇ ಬುಕ್ ಮಾಡಿ, ಆ ವಾರ ಸುತ್ತಮುತ್ತ ಎಲ್ಲ ತುಂಬಿರತ್ತೆ. ರೆಡಿಂಗಿಂದ ಬ್ಯಾನ್‌ಬರಿಗೆ ಆಕ್ಸ್‌ಫರ್ಡ್ ಮೇಲೆ ನೇರ ರೈಲಿದೆ, ಮುಕ್ಕಾಲು ಗಂಟೆ ಆಸುಪಾಸು. ಹೋಗೋದು ಸುಲಭ, ಆದ್ರೆ ರಾತ್ರಿ ಹನ್ನೆರಡಕ್ಕೆ ಮುಗಿದ್ಮೇಲೆ ರೈಲು ನಂಬ್ಕೊಂಡು ಕೂರೋ ಹಾಗಿಲ್ಲ. ಶನಿವಾರ ಒಂದು ದಿನ ಸಾಕು, ಫೇರ್‌ಪೋರ್ಟಿನೋರ ದೊಡ್ಡ ಕಛೇರಿ ಅವತ್ತೇ.

ಪಿಟೀಲು ಪ್ರಿಯ:
ಟೆಂಟು ಬೇಡ ಅನ್ನೋದನ್ನ ಒಪ್ತೀನಿ ಸರ್. ಆದ್ರೆ ಶನಿವಾರ ಒಂದೇ ದಿನ ಅಂತ ಹೇಳ್ಬೇಡಿ, ಗುರುವಾರನೂ ಸೇರಿಸ್ಕೊಳ್ಳಿ. ಗುರುವಾರ ಸಂಜೆ ಹಬ್ಬ ತೆಗೆಯೋದೇ ಫೇರ್‌ಪೋರ್ಟಿನೋರು, ಡ್ರಮ್ಮು ಅಬ್ಬರ ಇಲ್ದೆ ಅಕೌಸ್ಟಿಕ್ಕಾಗಿ ಸ್ವಲ್ಪ ಹೊತ್ತು ಹಾಡ್ತಾರೆ. ಇನ್ನೂ ಬೆಳಕಿರತ್ತೆ, ಜನ ಬಂದು ಸೇರ್ತಿರ್ತಾರೆ, ಸೈಮನ್ ನಿಕೋಲ್ ಅವರ ದನಿ ತಣ್ಣಗೆ ಹೊಲದ ತುಂಬ ಹರಡತ್ತೆ. 1967ರಲ್ಲಿ ಬ್ಯಾಂಡ್ ಕಟ್ಟಿದೋರಲ್ಲಿ ಇವತ್ತೂ ಬ್ಯಾಂಡಲ್ಲಿರೋರು ಅವರೊಬ್ರೇ. ಅಪ್ಪಾಜಿಗೆ ದೊಡ್ಡ ಸೌಂಡು ಒಗ್ಗತ್ತೋ ಇಲ್ವೋ ಅಂತ ನೋಡೋಕೂ ಅದು ಒಳ್ಳೇ ದಿನ. ಶುಕ್ರವಾರ ಬ್ಯಾನ್‌ಬರಿಯಲ್ಲಿ ರೆಸ್ಟ್ ಮಾಡಿ, ಶನಿವಾರ ಮತ್ತೆ ಬನ್ನಿ.

ಶನಿವಾರ ಎಷ್ಟೇ ಸುಸ್ತಾಗಿದ್ರೂ ಕೊನೇ ಹಾಡಿನವರೆಗೆ ಇರಿ. ಕತ್ತಲಾದ್ಮೇಲೆ ಶುರು ಮಾಡಿ ಎರಡು ಗಂಟೆಗೂ ಹೆಚ್ಚು ನುಡಿಸ್ತಾರೆ, ಕೊನೆಗೆ ಯಾವಾಗ್ಲೂ ಒಂದೇ ಹಾಡು, ಮೀಟ್ ಆನ್ ದ ಲೆಜ್. ಬ್ಯಾಂಡಿನ ಮೊದಲ ಗಿಟಾರ್ ವಾದಕರಲ್ಲೊಬ್ಬ ರಿಚರ್ಡ್ ಥಾಂಪ್ಸನ್ ಹತ್ತೊಂಬತ್ತರ ವಯಸ್ಸಲ್ಲಿ ಬರೆದಿದ್ದು, ಅಗಲಿದ ಗೆಳೆಯರು ಮತ್ತೆ ಸಿಕ್ತೀವಿ ಅನ್ನೋ ಅರ್ಥದ್ದು. ಅವತ್ತು ಹಾಡಿದ ಬೇರೆ ಬ್ಯಾಂಡಿನೋರೂ ಸ್ಟೇಜ್ ಮೇಲೆ ಬಂದು ಸೇರ್ತಾರೆ, ಹೊಲ ಪೂರ್ತಿ ಎದ್ದು ನಿಂತು ಹಾಡತ್ತೆ, ಎಷ್ಟೋ ಜನ ಅಳ್ತಾ ಹಾಡ್ತಾರೆ. ಮಾರ್ಟಿನ್ ಲ್ಯಾಂಬಲ್, 1978ರಲ್ಲಿ ಹೋದ ಗಾಯಕಿ ಸ್ಯಾಂಡಿ ಡೆನ್ನಿ, 2016ರಲ್ಲಿ ಹೋದ ಪಿಟೀಲುಗಾರ ಡೇವ್ ಸ್ವಾರ್ಬ್ರಿಕ್, 2024ರಲ್ಲಿ ಹೋದ ಡ್ರಮ್ಮರ್ ಜೆರ್ರಿ ಕಾನ್ವೇ, ಎಲ್ರೂ ಆ ಹಾಡಲ್ಲಿ ಬರ್ತಾರೆ, ಅದರ ಜೊತೆ ನಮ್ಮ ನಮ್ಮ ಮನೆಯೋರೂ ಬರ್ತಾರೆ. ನನ್ನ ಅಮ್ಮ ತೀರ್ಕೊಂಡ ವರ್ಷ ನಾನು ಅಲ್ಲಿ ನಿಂತಿದ್ದೆ, ಪಕ್ಕದಲ್ಲಿದ್ದ ಪರಿಚಯವೇ ಇಲ್ದಿರೋ ಹೆಂಗಸು ಭುಜದ ಮೇಲೆ ಕೈ ಇಟ್ಟು ಹಾಡು ಮುಗಿಯೋವರೆಗೂ ತೆಗೀಲಿಲ್ಲ.

ಗೆಜ್ಜೆ ಗಿಟಾರ್:
ನಮ್ಮನೇಲಿ ಈ ದಾರಿ ಶುರುವಾಗಿದ್ದು ನಮ್ಮವರಿಂದಲೇ. ರಘು ದೀಕ್ಷಿತ್ ಪ್ರಾಜೆಕ್ಟ್‌ನೋರು 2011ರಲ್ಲಿ ಗ್ಲಾಸ್ಟನ್‌ಬರಿಗೆ ಬಂದು ಹಾಡಿದ್ರಲ್ಲ, ಶಿಶುನಾಳ ಶರೀಫಜ್ಜನ ಪದಕ್ಕೆ ಗಿಟಾರು ಪಿಟೀಲು ಹಾಕಿ ಲುಂಗಿ ಗೆಜ್ಜೆ ಕಟ್ಕೊಂಡು ಕುಣಿಯೋದನ್ನ ಕೇಳಿ ಬೆಳೆದ ನನ್ನ ಮಗ, ಇಂಗ್ಲೆಂಡಿನೋರು ತಮ್ಮ ಹಳೇ ಪದಗಳಿಗೆ ಏನ್ಮಾಡಿದಾರೆ ಅಂತ ಹುಡುಕ್ತಾ ಫೇರ್‌ಪೋರ್ಟ್‌ಗೆ ಬಂದ. ಅಪ್ಪಾಜಿಗೆ ಮೊದಲು ಶರೀಫರ ಪದದ ಆ ರೂಪ ಕೇಳ್ಸಿ, ಆಮೇಲೆ ಇದನ್ನ ಕೇಳ್ಸಿ, ಎರಡು ವಾರ ಮೊದಲೇ ಶುರು ಮಾಡಿ, ಅಲ್ಲಿ ಹೋಗೋಷ್ಟರಲ್ಲಿ ಕಿವಿ ಪಳಗಿರತ್ತೆ. ಮಗುಗೆ ಕಿವಿ ಮುಚ್ಚೋ ಇಯರ್ ಡಿಫೆಂಡರ್ ತಗೊಳ್ಳಿ, ಅಲ್ಲಿ ಮಕ್ಕಳೆಲ್ಲ ಹಾಕ್ಕೊಂಡಿರ್ತಾರೆ. ಸ್ಪೀಕರ್ ಹತ್ರ ಕೂರ್ಬೇಡಿ, ಇಳಿಜಾರಿನ ಮಧ್ಯಕ್ಕಿಂತ ಸ್ವಲ್ಪ ಹಿಂದೆ, ಟಾಯ್ಲೆಟ್ ಕಡೆಗೆ ದಾರಿ ಇರೋ ಅಂಚಲ್ಲಿ ಜಾಗ ಹಿಡೀರಿ.

ಮಲ್ಲಿಗೆ ಮೈಸೂರು:
ಓದ್ತಾ ಓದ್ತಾ ನಾನೇ ಹೊರಟ್ಬಿಟ್ಟೆ. ಬ್ಯಾನ್‌ಬರಿಯಲ್ಲಿ ರೂಮು, ಗುರುವಾರ ಮತ್ತೆ ಶನಿವಾರ ಅಂತ ತೀರ್ಮಾನ ಮಾಡಿದ್ವಿ. ಫೋನಲ್ಲಿ ಅಪ್ಪಾಜಿಗೆ ಗೀಗೀ ಪದದ ವಿಷಯ ಹೇಳ್ದೆ, "ಹಂಗಾದ್ರೆ ಮಾತೇ ಬೇಡ, ಹೊರಡೋದೇ" ಅಂದ್ರು. ಒಂದೇ ಪ್ರಶ್ನೆ ಉಳೀತು, ಶನಿವಾರ ಎಷ್ಟೊತ್ತಿಗೆ ಬಂದ್ರೆ ಸರಿ?

ಧಾರವಾಡ ಪೇಡೆ:
ಹನ್ನೆರಡಕ್ಕ ಹಾಡು ಶುರು ರೀ, ಹನ್ನೊಂದರೊಳಗ ಒಳಗಿರ್ರಿ, ಕುರ್ಚಿಗೆ ಚೊಲೋ ಜಾಗ ಬೇಕಲ್ಲ. ಶನಿವಾರ ಮಧ್ಯಾಹ್ನ ರಿಚರ್ಡ್ ಡಿಗಾನ್ಸ್ ಅನ್ನೋ ಹಿರಿಯ ಹಾಡುಗಾರರು ಎಷ್ಟೋ ವರ್ಷ ನಡಸ್ಕೊಂಡು ಬಂದದ್ದೊಂದು ಮಜಾ ಐತಿ, ಹೊಲದಾಗಿದ್ದ ಸಾವಿರಾರು ಮಂದಿ ಕರ್ಚೀಫ್ ಬೀಸಿ ಮಾರಿಸ್ ಅನ್ನೋ ಇಂಗ್ಲೆಂಡಿನ ಜನಪದ ಕುಣಿತ ಕುಣೀತಾರ. ಮಂಡಿ ನೋವಿದ್ರೂ ಕುಂತಲ್ಲೇ ಕೈ ಬೀಸಬಹುದು. ತಲಿಗೆ ಎರಡೆರಡು ಬಿಳಿ ಕರ್ಚೀಫ್ ಇಟ್ಕೊಳ್ರಿ, ಮಗಳಿಗೂ.