ಫ್ಲಾಸ್ಕ್‌ನಲ್ಲಿ ಮಾಡಿದ ಪಾಲಿಮರ್ ಪ್ರೋಟೀನ್ ತರ ವರ್ತಿಸುತ್ತದೆಯೇ?

ಪ್ರಶ್ನೆ: ಸರ್, ನಾನು ಎಂ.ಎಸ್ಸಿ. ಕೆಮಿಸ್ಟ್ರಿ ವಿದ್ಯಾರ್ಥಿನಿ. ಪ್ರೋಟೀನ್‌ನಲ್ಲಿ ಪ್ರತಿ ಅಮೈನೋ ಆಮ್ಲಕ್ಕೂ ಗೊತ್ತಾದ ಜಾಗ ಇರುತ್ತದೆ. ನಾವು ಮಾಡುವ ಪಾಲಿಮರ್‌ನಲ್ಲಿ ಯಾವುದು ಎಲ್ಲಿ ಕೂತಿದೆ ಅಂತಲೇ ಗೊತ್ತಾಗುವುದಿಲ್ಲ. ಅದು ಪ್ರೋಟೀನ್ ಕೆಲಸ ಮಾಡುತ್ತದೆ ಅಂದರೆ ನಂಬುವುದು ಹೇಗೆ?

ಉತ್ತರ: ಎಲ್ಲ ಕೆಲಸಕ್ಕೂ ಅಷ್ಟು ಕಟ್ಟುನಿಟ್ಟಿನ ಕ್ರಮ ಬೇಕಿಲ್ಲಮ್ಮ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವಿಜ್ಞಾನಿ ಟಿಂಗ್ ಶು ಅವರ ತಂಡ 2018ರಲ್ಲಿ ಇದನ್ನು ತೋರಿಸಿತು. ಬಳಸಿದ್ದು ನಾಲ್ಕೇ ಮೊನೊಮರ್, ಅಂದರೆ ಪಾಲಿಮರ್ ಸರಪಳಿ ಕಟ್ಟುವ ಬಿಡಿ ಅಣುಗಳು. ಅರ್ಧ ಭಾಗ ಮಿಥೈಲ್ ಮೆಥಾಕ್ರಿಲೇಟ್. ಅಂಗಡಿ ಬೋರ್ಡಿನ ಅಕ್ರಿಲಿಕ್ ಶೀಟ್ ಆಗುವುದೂ ಇದರಿಂದಲೇ. ಕಾಲು ಭಾಗ ನೀರಿಗೆ ಒಗ್ಗುವ ಬಾಲ ಇರುವಂಥದ್ದು. ಶೇ 20 ಎಣ್ಣೆ ಸ್ವಭಾವದ್ದು. ಉಳಿದ ಶೇ 5 ಋಣ ವಿದ್ಯುದಂಶದ ಸಲ್ಫೊನೇಟ್.

ಈ ಅಳತೆ ಸುಮ್ನೆ ಇಟ್ಟಿದ್ದಲ್ಲ. ಪ್ರೋಟೀನ್‌ನ ಹೊರಮೈಯಲ್ಲಿ ನೀರಿಗೆ ಒಗ್ಗುವ, ಒಗ್ಗದ ಜಾಗಗಳು ಹೇಗೆ ಹರಡಿವೆ ಅಂತ ನೋಡಿ ಆರಿಸಿದ್ದು. ಸರಪಳಿಗಳು ಒಂದರಂತೆ ಒಂದಿಲ್ಲ, ನಿಜ. ಆದರೆ ಪ್ರತಿಯೊಂದರಲ್ಲೂ ಆ ಜಾಗಗಳಿಗೆ ಅಂಟಿಕೊಳ್ಳಬಲ್ಲ ತುಂಡುಗಳು ಸಾಕಷ್ಟಿರುತ್ತವೆ. ಹಾಗೆ ಪಾಲಿಮರ್ ಸುತ್ತಿಕೊಂಡ ಕಿಣ್ವ (ಅದೂ ಒಂದು ಪ್ರೋಟೀನ್) ಟಾಲುಯಿನ್ ಎಂಬ, ಸಾಮಾನ್ಯವಾಗಿ ಕಿಣ್ವಕ್ಕೆ ಒಗ್ಗದ ದ್ರಾವಕದಲ್ಲೂ ಕೆಲಸ ಮಾಡಿತು. ಇನ್ನೊಂದು ಕಿಣ್ವವನ್ನು ನಾರಿನ ಚಾಪೆಯಲ್ಲಿ ಸೇರಿಸಿದರು. ಅದು ಮಿಥೈಲ್ ಪ್ಯಾರಾಥಿಯಾನ್ ಕೀಟನಾಶಕವನ್ನು ಒಡೆಯಿತು.

ನಾಲ್ಕೂ ಮೆಥಾಕ್ರಿಲೇಟ್‌ಗಳೇ ಅನ್ನುವುದನ್ನು ಗಮನಿಸಿ. ಒಂದೇ ಜಾತಿಯಾದ್ದರಿಂದ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸರಪಳಿ ಸೇರುತ್ತವೆ. ವೇಗ ತೀರಾ ಬೇರೆಯಾದರೆ ಮೊದಲ ತುದಿಯಲ್ಲಿ ಒಂದೇ ಜಾಸ್ತಿಯಾಗಿ ಲೆಕ್ಕ ಕೆಡುತ್ತದೆ. ಲ್ಯಾಬ್‌ನಲ್ಲಿ ಕೈಕೊಡುವುದು ಸಾಮಾನ್ಯವಾಗಿ ಇಲ್ಲೇ.

ಆದರೆ ಇದರಿಂದ ಆ್ಯಂಟಿಬಾಡಿ ಮಾಡುತ್ತೇವೆ ಅಂತ ಯಾರಾದರೂ ಹೇಳಿದರೆ ನಾನಂತೂ ನಂಬಲ್ಲ. ಒಂದೇ ಅಣುವನ್ನು ಆ್ಯಂಟಿಬಾಡಿಯಷ್ಟು ನಿಖರವಾಗಿ ಗುರುತಿಸಿ ಹಿಡಿಯುವುದು ಕ್ರಮವಿಲ್ಲದೆ ಕಷ್ಟ.

ಇನ್ನೊಬ್ಬರ ಪ್ರಶ್ನೆ: ಇದನ್ನು ಇಂಜೆಕ್ಷನ್ ಮಾಡಬಹುದಾ ಸರ್?

ಉತ್ತರ: ಮೆಥಾಕ್ರಿಲೇಟ್ ಸರಪಳಿಯ ಬೆನ್ನೆಲುಬು ಇಂಗಾಲ-ಇಂಗಾಲ ಬಂಧ. ದೇಹದ ಕಿಣ್ವಗಳಿಗೆ ಅದನ್ನು ಕತ್ತರಿಸಲು ಆಗದು, ಹಾಗಾಗಿ ಅದು ದೇಹದಲ್ಲೇ ಉಳಿದುಬಿಡಬಹುದು, ಅದೇ ತೊಂದರೆ. ಕ್ರಮ ನಮ್ಮ ಕೈಯಲ್ಲೇ ಇರಬೇಕು ಅಂದರೆ ಪ್ರೋಟೀನ್ ಹೋಲುವ ಕೃತಕ ಸರಪಳಿ ಪೆಪ್ಟಾಯ್ಡ್ ಇದೆ. ರೊನಾಲ್ಡ್ ಝುಕರ್‌ಮನ್ ಮತ್ತು ಸಂಗಡಿಗರು 1992ರಲ್ಲಿ ಅದಕ್ಕೆ ಸುಲಭದ ದಾರಿ ಕೊಟ್ಟರು: ಒಮ್ಮೆ ಬ್ರೋಮೊಅಸಿಟಿಕ್ ಆಮ್ಲ, ಒಮ್ಮೆ ಅಮೈನ್, ಹೀಗೆ ಒಂದಾದ ಮೇಲೊಂದು. ಪ್ರೋಟೀನ್‌ನಲ್ಲಿ ಇಂಗಾಲದ ಮೇಲಿರುವ ಪಕ್ಕದ ಗುಂಪು ಇದರಲ್ಲಿ ನೈಟ್ರೋಜನ್ ಮೇಲಿರುತ್ತದೆ. ಹಾಗಾಗಿ ಪ್ರೋಟೀನ್ ಕತ್ತರಿಸುವ ಕಿಣ್ವಗಳಿಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ.

ಇಷ್ಟಕ್ಕೂ ಕ್ರಮವಿಲ್ಲದ ಸರಪಳಿ ಇಂಜೆಕ್ಷನ್ ಆಗಿ ಆಗಲೇ ಬಂದಿದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಸಂಬಂಧಿ ಕಾಯಿಲೆಗೆ ಕೊಡುವ ಗ್ಲಾಟಿರಾಮರ್ ಅಸಿಟೇಟ್ ನಾಲ್ಕು ಅಮೈನೋ ಆಮ್ಲಗಳು ಅಡ್ಡಾದಿಡ್ಡಿ ಸೇರಿದ ಪಾಲಿಮರ್. ಅಮೆರಿಕದಲ್ಲಿ 1996ರಲ್ಲೇ ಒಪ್ಪಿಗೆ ಸಿಕ್ಕಿತು. ಅಮೈನೋ ಆಮ್ಲದ್ದಾದ್ದರಿಂದ ದೇಹ ಅದನ್ನು ಒಡೆದುಕೊಳ್ಳುತ್ತದೆ.